ವಸ್ತ್ರದ ಎಣಿಕೆ: ಭೋಗ, ಉಪಭೋಗ, ಪರಿಭೋಗ

15,000 ರೂಪಾಯಿಯ ರೇಷ್ಮೆ ಸೀರೆಯನ್ನು ಮೂರು ಮದುವೆಗಳಿಗೆ ಉಟ್ಟು ಬೀರುವಿನಲ್ಲಿ ಮಡಿಸಿಟ್ಟರೆ ಒಮ್ಮೆ ಉಟ್ಟದ್ದಕ್ಕೆ ಬಿದ್ದ ಬೆಲೆ 5,000 ರೂಪಾಯಿ. 900 ರೂಪಾಯಿಯ ನೂಲಿನ ಸೀರೆಯನ್ನು ತೊಂಬತ್ತು ಸಲ ಉಟ್ಟರೆ ಅದು 10 ರೂಪಾಯಿ. ಬೆಲೆಯನ್ನು ಉಟ್ಟ ಸಲಗಳಿಂದ ಭಾಗಿಸುವ ಈ ಲೆಕ್ಕ ಇತ್ತೀಚಿನ ಕಾಲದ್ದು. ಆದರೆ ಒಂದು ವಸ್ತು ಎಷ್ಟು ಬಾರಿ ಬಳಕೆಗೆ ಒದಗುತ್ತದೆ ಎಂಬುದರ ಮೇಲೆಯೇ ವಸ್ತುಗಳನ್ನು ವಿಂಗಡಿಸಿದ ವಿಚಾರ ಜೈನ ಶ್ರಾವಕಾಚಾರದಲ್ಲಿ ಬಹು ಹಿಂದಿನಿಂದ ಇದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತವನ್ನು ವಿವರಿಸುವಾಗ, ಒಮ್ಮೆ ಅನುಭವಿಸಿ ಬಿಡತಕ್ಕದ್ದನ್ನು ಭೋಗವೆಂದೂ, ಅನುಭವಿಸಿ ಮತ್ತೆ ಅನುಭವಿಸತಕ್ಕದ್ದನ್ನು ಉಪಭೋಗವೆಂದೂ ಹೇಳುತ್ತಾರೆ. ಅನ್ನ ಮೊದಲನೆಯದು, ವಸ್ತ್ರ ಎರಡನೆಯದು. ಇಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯನ್ನು ಬರೆದ ಪೂಜ್ಯಪಾದರಲ್ಲಿ ಇದೇ ಉಪಭೋಗ ಶಬ್ದ ಅನ್ನ, ಪಾನ, ಗಂಧ, ಮಾಲೆಗಳಿಗೆ ಸಲ್ಲುತ್ತದೆ. ಮತ್ತೆ ಮತ್ತೆ ಬಳಸುವ ಉಡುಗೆ, ಹೊದಿಕೆ, ಒಡವೆ, ಹಾಸಿಗೆ, ಮನೆ, ವಾಹನಗಳು ಪರಿಭೋಗವೆನಿಸುತ್ತವೆ. ಹೆಸರು ಅದಲುಬದಲಾದರೂ ವಸ್ತ್ರದ ಸ್ಥಾನ ಬದಲಾಗಿಲ್ಲ. ಒಂದೇ ಸಮಾರಂಭಕ್ಕೆಂದು ಕೊಂಡು ಮತ್ತೆ ಮುಟ್ಟದ ಉಡುಪನ್ನು ಈ ಲಕ್ಷಣಗಳಿಗೆ ಹಿಡಿದು ನೋಡಿದರೆ ಅದು ಹೂಮಾಲೆಯ ಸಾಲಿಗೆ ಸೇರಬೇಕಾಗುತ್ತದೆ!

ಸಮಂತಭದ್ರರು ಕಾಲದ ಅಳತೆಯನ್ನೂ ಕೊಡುತ್ತಾರೆ. ಜೀವನಪರ್ಯಂತದ ತ್ಯಾಗ ಯಮ, ಅವಧಿಯುಳ್ಳದ್ದು ನಿಯಮ. ಊಟ, ವಾಹನ, ಶಯನ, ಸ್ನಾನ, ತಾಂಬೂಲ, ಸಂಗೀತ ಮೊದಲಾದವುಗಳ ಜೊತೆಗೆ ವಸ್ತ್ರವನ್ನೂ ಹೆಸರಿಸಿ, ಇಂದು, ಹಗಲು, ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಎಂದು ಅವಧಿಗಳನ್ನು ಎಣಿಸುತ್ತಾರೆ. ಗೃಹಸ್ಥನು ಈ ಪಕ್ಷದಲ್ಲಿ ಇಷ್ಟೇ ವಸ್ತ್ರವೆಂದು ಮೊದಲೇ ಗೊತ್ತುಮಾಡಿಕೊಂಡು, ದಿನದಿನವೂ ಅದನ್ನು ನೆನಪಿನಲ್ಲಿಟ್ಟು ನಡೆಯಬೇಕು. ಭಾಗಾಕಾರದ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ನೂರು ಸಲ ಉಡುವೆನೆಂಬ ಭರವಸೆಯಿಂದ ದುಬಾರಿ ಬಟ್ಟೆಯನ್ನು ಅಗ್ಗವೆಂದು ಸಮರ್ಥಿಸಿಕೊಳ್ಳಲು ಭಾಗಾಕಾರ ಎಡೆಗೊಡುತ್ತದೆ. ನಿಯಮವು ಕೊಳ್ಳುವ ಮೊದಲೇ ಸಂಖ್ಯೆಯನ್ನು ಕೇಳುತ್ತದೆ.

ಶ್ವೇತಾಂಬರ ಆಗಮವಾದ ಉಪಾಸಕದಶಾದಲ್ಲಿ ಇದಕ್ಕೊಂದು ನಿದರ್ಶನವಿದೆ. ವಾಣಿಜ್ಯಗ್ರಾಮದ ಸಿರಿವಂತ ಗೃಹಪತಿ ಆನಂದನು ಮಹಾವೀರರ ಸನ್ನಿಧಿಯಲ್ಲಿ ವ್ರತ ಹಿಡಿದಾಗ ಒಂದು ಜೊತೆ ಕ್ಷೌಮವಸ್ತ್ರವನ್ನು ಉಳಿಸಿಕೊಂಡು ಮಿಕ್ಕ ಉಡುಗೆಗಳನ್ನು ತೊರೆಯುತ್ತಾನೆ. ಕೋಟಿಗಳ ಒಡೆಯನಿಗೆ ಬೆಲೆಯ ಚಿಂತೆಯಿರಲಿಲ್ಲ. ಅವನು ಎಣಿಸಿದ್ದು ವಸ್ತ್ರವನ್ನು.

ಬೌದ್ಧ ವಿನಯದ ಚುಲ್ಲವಗ್ಗದಲ್ಲಿ ಇನ್ನೊಬ್ಬ ಆನಂದನಿದ್ದಾನೆ, ಬುದ್ಧನ ಶಿಷ್ಯ. ಬುದ್ಧನ ಪರಿನಿರ್ವಾಣದ ನಂತರ ಕೌಶಾಂಬಿಗೆ ಬಂದ ಅವನಿಗೆ ಉದೇನ ರಾಜನ ಅಂತಃಪುರದವರು 500 ಮೇಲುವಸ್ತ್ರಗಳನ್ನು ನೀಡಿದರು. ಇಷ್ಟೊಂದು ಬಟ್ಟೆ ಭಿಕ್ಷುವಿಗೇಕೆ, ಅಂಗಡಿ ಇಡುವನೇ ಎಂದು ರಾಜ ಶಂಕಿಸಿ ಅವನನ್ನೇ ಕೇಳಿದ. ಚೀವರ ಹರಿದ ಭಿಕ್ಷುಗಳಿಗೆ ಹಂಚುವೆನೆಂದ ಆನಂದ. ಹಾಗಾದರೆ ಅವರ ಹಳೆಯ ಚೀವರಗಳು? ಅವು ಮೇಲುಹಾಸು. ಹಳೆಯ ಮೇಲುಹಾಸುಗಳು ಹಾಸಿಗೆಯ ಗವಸು, ಹಳೆಯ ಗವಸುಗಳು ನೆಲಹಾಸು, ಅವು ಸವೆದರೆ ಕಾಲೊರಸು, ಆಮೇಲೆ ಧೂಳು ಒರೆಸುವ ರಜೋಹರಣ. (ಶ್ವೇತಾಂಬರ ಮುನಿಗಳ ಉಪಕರಣಕ್ಕೂ ಇದೇ ಹೆಸರೆಂಬುದು ಗಮನಾರ್ಹ.) ಅದೂ ಜೀರ್ಣವಾದರೆ ಕುಟ್ಟಿ, ಮಣ್ಣಿನೊಡನೆ ಕಲಸಿ ನೆಲಕ್ಕೆ ಸಾರಿಸುವರು.

ಉತ್ತರದಿಂದ ಸಂತುಷ್ಟನಾದ ಉದೇನ ಇನ್ನೂ 500 ವಸ್ತ್ರಗಳನ್ನು ಕೊಟ್ಟನಂತೆ.