ನರಿತ ವಿಮಾನ ನಿಲ್ದಾಣದಿಂದ ಟೋಕಿಯೊ ಭಾಷಾಶಾಲೆಗೆ

ಜಪಾನೀ ಭಾಷೆಯನ್ನು ಆ ದೇಶದಲ್ಲಿಯೇ ಇದ್ದು ಕಲಿಯಬೇಕೆಂದು ಟೋಕಿಯೊ ನಗರಕ್ಕೆ ತೆರಳುವ ತರುಣ ತರುಣಿಯರು ಹೊರನಾಡ ಕನ್ನಡ ಕುಟುಂಬಗಳಲ್ಲಿಯೂ ಇದ್ದಾರೆ. ಶಾಲೆಯ ಆಯ್ಕೆ, ಶುಲ್ಕ, ವೀಸಾ ಇವುಗಳಿಗಾಗಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಆದರೆ ವಿಮಾನದಿಂದ ಇಳಿದು ಶಾಲೆಯನ್ನು ಸೇರುವವರೆಗಿನ ಮೂರು ನಾಲ್ಕು ಗಂಟೆಗಳ ವಿಚಾರ ಹಿಂದೆ ಬೀಳುವುದುಂಟು. ಇಡೀ ವಾಸಕ್ಕೆ ಅಗತ್ಯವಾದ ಕಾಗದಪತ್ರಗಳು ಕೈಸೇರುವುದು ಆ ಗಂಟೆಗಳಲ್ಲಿಯೇ. ಆದುದರಿಂದ ಈ ಮಾರ್ಗದ ವಿವರವನ್ನು ನಮ್ಮ ಓದುಗ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ವಿಮಾನ ನಿಲ್ದಾಣದೊಳಗೆ

1978ರಲ್ಲಿ ಆರಂಭವಾದ ನರಿತ ವಿಮಾನ ನಿಲ್ದಾಣವಿರುವುದು ಟೋಕಿಯೊದಲ್ಲಲ್ಲ, ನೆರೆಯ ಚಿಬ ಪ್ರಾಂತದಲ್ಲಿ. ನಗರದ ಮಧ್ಯಭಾಗದಿಂದ ಅದು ಸುಮಾರು 60 ಕಿಲೋಮೀಟರ್ ದೂರ. ವಿದ್ಯಾರ್ಥಿ ವೀಸಾದ ಮೇಲೆ ಮೊದಲ ಬಾರಿಗೆ ಬಂದವರಿಗೆ ವಲಸೆ ತಪಾಸಣೆಯ ಸ್ಥಳದಲ್ಲಿಯೇ ‘ನಿವಾಸ ಕಾರ್ಡ್’ ನೀಡಲಾಗುತ್ತದೆ. ವಸತಿ ಗೊತ್ತಾದ 14 ದಿನಗಳೊಳಗೆ ಇದನ್ನು ಸ್ಥಳೀಯ ಪೌರ ಕಚೇರಿಗೆ ಒಯ್ದು ವಿಳಾಸ ನೋಂದಾಯಿಸಬೇಕು. ವಿದ್ಯಾರ್ಥಿಗಳು ವಾರಕ್ಕೆ 28 ಗಂಟೆಗಳವರೆಗೆ ದುಡಿಯಲು ಬೇಕಾದ ಅನುಮತಿಗೂ ಇಲ್ಲಿಯೇ ಅರ್ಜಿ ಕೊಡಬಹುದು. ಅರ್ಜಿಯನ್ನು ಮನೆಯಲ್ಲಿಯೇ ತುಂಬಿಸಿಟ್ಟುಕೊಳ್ಳುವುದು ಲೇಸು.

ಪಾಸ್‌ಪೋರ್ಟ್, ಶಾಲೆಯ ಮೂಲಕ ದೊರೆತ ಅರ್ಹತಾ ಪ್ರಮಾಣಪತ್ರ, ಪ್ರವೇಶಪತ್ರ, ವಸತಿಯ ವಿಳಾಸ ಇವೆಲ್ಲ ಕೈಚೀಲದಲ್ಲಿಯೇ ಇರಬೇಕು. ದೊಡ್ಡ ಪೆಟ್ಟಿಗೆಗೆ ಹಾಕಿದರೆ ತಪಾಸಣೆಯ ಹೊತ್ತಿಗೆ ಅವು ಕೈಗೆ ಸಿಗವು. ತಾಜಾ ಹಣ್ಣು, ತರಕಾರಿ, ಸೊಪ್ಪುಗಳಿಗೆ ನಮ್ಮ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಕೆಲವಕ್ಕೆ ಪ್ರವೇಶವೇ ಇಲ್ಲ. ತಾಯಂದಿರು ಅಕ್ಕರೆಯಿಂದ ಕಟ್ಟಿಕೊಡುವ ಹಸಿ ಕರಿಬೇವೂ ಇದರಲ್ಲಿ ಸೇರಿದೆ.

ರೈಲು ಮಾರ್ಗ

ಟೋಕಿಯೊದ ಅನೇಕ ಭಾಷಾಶಾಲೆಗಳು ತಕದನೊಬಬ ಹಾಗೂ ಶಿನ್-ಓಕುಬೊ ನಿಲ್ದಾಣಗಳ ಸುತ್ತಮುತ್ತ ಇವೆ. ಇವೆರಡೂ ನಗರವನ್ನು ಬಳಸಿ ಸುತ್ತುವ ಯಮನೊತೆ ರೈಲು ಮಾರ್ಗದಲ್ಲಿವೆ. ನರಿತದಿಂದ ಅಲ್ಲಿಗೆ ಹೋಗಲು ನಿಪ್ಪೊರಿ ಎಂಬಲ್ಲಿ ಒಂದೇ ಒಂದು ಬಾರಿ ರೈಲು ಬದಲಿಸಿದರೆ ಸಾಕು.

ಕೆಯ್ಸೆಯ್ ಸಂಸ್ಥೆಯ ‘ಸ್ಕೈಲೈನರ್’ ರೈಲು ನಿಪ್ಪೊರಿಯನ್ನು ಸುಮಾರು 40 ನಿಮಿಷಗಳಲ್ಲಿ ಮುಟ್ಟುತ್ತದೆ. ಎಲ್ಲ ಆಸನಗಳೂ ಕಾದಿರಿಸಿದವು, ದರ ಸುಮಾರು 2,500 ಯೆನ್. ಅದೇ ಸಂಸ್ಥೆಯ ಮುಖ್ಯ ಮಾರ್ಗದ ಸಾಮಾನ್ಯ ವೇಗದೂತ ರೈಲಿಗೆ ಅದರ ಅರ್ಧಕ್ಕಿಂತ ಕಡಿಮೆ ದರ. ಪ್ರಯಾಣಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ. ರೈಲು ನಿಲ್ದಾಣಗಳು 1 ಮತ್ತು 2ನೇ ಟರ್ಮಿನಲ್‌ಗಳ ನೆಲದಡಿಯಲ್ಲಿವೆ. 2015ರಲ್ಲಿ ತೆರೆದ 3ನೇ ಟರ್ಮಿನಲ್‌ನಲ್ಲಿ ಇಳಿದವರು 2ನೆಯದಕ್ಕೆ ಬರಬೇಕು.

ನಿಪ್ಪೊರಿಯಲ್ಲಿ ಎಳೆಹಸಿರು ಪಟ್ಟಿಯ ಯಮನೊತೆ ರೈಲನ್ನು, ಇಕೆಬುಕುರೊ ಮತ್ತು ಶಿಂಜುಕು ಕಡೆಗೆ ಹೋಗುವ ದಿಕ್ಕಿನಲ್ಲಿ ಏರಬೇಕು. ಆಕಾಶನೀಲಿ ಪಟ್ಟಿಯ ರೈಲು ಬೇರೆ ಮಾರ್ಗದ್ದು. ಪ್ರತಿ ನಿಲ್ದಾಣಕ್ಕೂ ಸಂಖ್ಯೆಯಿದೆ: ನಿಪ್ಪೊರಿ 07, ತಕದನೊಬಬ 15, ಶಿನ್-ಓಕುಬೊ 16. ಎಂಟನೆಯ ನಿಲುಗಡೆಯೇ ತಕದನೊಬಬ. ಇಪ್ಪತ್ತು ನಿಮಿಷಗಳ ಹಾದಿ. ದಿಕ್ಕು ತಪ್ಪಿದರೂ ಗಾಬರಿ ಬೇಡ. ಮಾರ್ಗ ವರ್ತುಲಾಕಾರವಾದುದರಿಂದ ತಡವಾದೀತು, ಊರು ತಪ್ಪದು.

ನಿಲ್ದಾಣಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಜಪಾನೀ ಭಾಷೆಯಲ್ಲಿ ಎ-ಏ, ಒ-ಓಗಳ ಹ್ರಸ್ವ ದೀರ್ಘ ಭೇದವುಂಟು. ಅದನ್ನು ನಮ್ಮ ಲಿಪಿ ಸ್ಪಷ್ಟವಾಗಿ ತೋರಿಸಬಲ್ಲುದು. ಅಲ್ಲಿಯ ಪದಗಳೂ ನಮ್ಮವುಗಳಂತೆಯೇ ಬಹುತೇಕ ಸ್ವರಾಂತ. ಕನ್ನಡದಲ್ಲಿ ಬರೆದು ಓದಿದ ಹೆಸರು ನಿಲ್ದಾಣದ ಸಿಬ್ಬಂದಿಗೆ ಸಾಕಷ್ಟು ಸರಿಯಾಗಿಯೇ ಕೇಳಿಸುತ್ತದೆ. ಶಾಲೆಯ ವಿಳಾಸವನ್ನು ಮಾತ್ರ ಜಪಾನೀ ಲಿಪಿಯಲ್ಲಿಯೂ ಮುದ್ರಿಸಿ ಇಟ್ಟುಕೊಳ್ಳಬೇಕು. ನಿಲ್ದಾಣಗಳ ಬಳಿಯಿರುವ ‘ಕೋಬನ್’ ಎಂಬ ಪುಟ್ಟ ಪೊಲೀಸ್ ಠಾಣೆಗಳಲ್ಲಿ ಅದನ್ನು ತೋರಿಸಿದರೆ ದಾರಿ ಹೇಳುತ್ತಾರೆ.

ಸಮಯ, ಹಣ, ಸಾಮಾನು

ಟಿಕೆಟ್ ಕೊಳ್ಳುವಾಗಲೇ ಹಗಲು ತಲುಪುವ ವಿಮಾನವನ್ನು ಆರಿಸುವುದು ಎಲ್ಲಕ್ಕಿಂತ ಮುಖ್ಯ. ತಪಾಸಣೆಗಳು ಮುಗಿಯಲು ಒಂದೆರಡು ಗಂಟೆ ಹಿಡಿಯಬಹುದು. ರಾತ್ರಿ 11ರ ನಂತರ ನರಿತದಿಂದ ನಗರಕ್ಕೆ ರೈಲು ಸಿಗುವುದು ಕಷ್ಟ; ಟ್ಯಾಕ್ಸಿಗೆ 20,000 ಯೆನ್‌ಗೂ ಮೀರಿ ತೆರಬೇಕಾದೀತು. ಕರೆದೊಯ್ಯಲು ಶಾಲೆಯವರು ಬರುವುದಾದರೂ ಅವರು ಗೊತ್ತುಪಡಿಸಿದ ದಿನ, ವೇಳೆಯಲ್ಲಿಯೇ ಇಳಿಯಬೇಕಾಗುತ್ತದೆ.

ರೈಲು ಪ್ರಯಾಣಕ್ಕೆ ‘ಸುಯಿಕ’ ಅಥವಾ ‘ಪಸ್ಮೊ’ ಕಾರ್ಡ್ ಅನುಕೂಲಕರ. ಅದಕ್ಕೆ 500 ಯೆನ್ ಠೇವಣಿ. ಯಂತ್ರದಲ್ಲಿ ಅದಕ್ಕೆ ಹಣ ತುಂಬಲು ಸಾಮಾನ್ಯವಾಗಿ ನಗದೇ ಬೇಕು. ಸ್ಕೈಲೈನರ್‌ನಲ್ಲಿ ಹೋಗುವವರು ಆಸನದ ಟಿಕೆಟ್ಟನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ಯಮನೊತೆಯ ದಟ್ಟಣೆ ನಮ್ಮ ಮುಂಬಯಿಯ ಲೋಕಲ್ ಗಾಡಿಗಳನ್ನು ನೆನಪಿಗೆ ತರುವಂಥದು. ಆಗ ಎರಡು ಪೆಟ್ಟಿಗೆಗಳೊಡನೆ ಏರುವುದು ಉಚಿತವಲ್ಲ. ಆಗಮನ ಸಭಾಂಗಣದ ಸಾಮಾನು ರವಾನೆ ಕೇಂದ್ರದಲ್ಲಿ ದೊಡ್ಡ ಪೆಟ್ಟಿಗೆಯನ್ನು ಒಪ್ಪಿಸಿದರೆ ಟೋಕಿಯೊದ ವಿಳಾಸಕ್ಕೆ ಸಾಮಾನ್ಯವಾಗಿ ಮರುದಿನ ತಲುಪಿಸುತ್ತಾರೆ. ಒಂದು ರಾತ್ರಿಗೆ ಬೇಕಾದ ಬಟ್ಟೆಬರೆ ಮಾತ್ರ ಜೊತೆಯಲ್ಲಿರಲಿ.

ಮನೆಯವರಿಗೆ

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಸಂಜೆ ಆರಾದಾಗ ಅಲ್ಲಿ ರಾತ್ರಿ ಒಂಬತ್ತೂವರೆ. ತಪಾಸಣೆ ಮುಗಿದಾಗ, ನಿಪ್ಪೊರಿಯಲ್ಲಿ, ಶಾಲೆ ಸೇರಿದಾಗ, ಹೀಗೆ ಮೂರು ಕಡೆಗಳಿಂದ ಸಂದೇಶ ಬರಲೆಂದು ಮೊದಲೇ ಗೊತ್ತುಮಾಡಿಕೊಂಡರೆ ಇಬ್ಬದಿಯವರಿಗೂ ನೆಮ್ಮದಿ. ನಡುನಡುವೆ ಕರೆ ಮಾಡಿ ಮಕ್ಕಳ ಗಮನ ಸೆಳೆಯದಿರುವುದೂ ಒಂದು ಉಪಕಾರವೇ. ತುರ್ತು ಸಂದರ್ಭದಲ್ಲಿ ಪೊಲೀಸರಿಗೆ 110, ಆಂಬ್ಯುಲೆನ್ಸ್‌ಗೆ 119 ಸಂಖ್ಯೆಗಳನ್ನು ಕರೆಯಬೇಕು.

ದರ ಹಾಗೂ ವೇಳಾಪಟ್ಟಿಗಳು ಬದಲಾಗುವಂಥವು; ಹೊರಡುವ ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸುವುದು ಅವಶ್ಯ. ಉಳಿದಂತೆ ಈ ಮಾರ್ಗ ಸರಳವಾದುದು. ಪತ್ರಗಳು ಕೈಯಲ್ಲಿ, ಇಳಿಯುವುದು ಹಗಲಿನಲ್ಲಿ, ಬದಲಾವಣೆ ನಿಪ್ಪೊರಿಯಲ್ಲಿ: ಈ ಮೂರನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡವರು ನಿರಾತಂಕವಾಗಿ ತಲುಪುತ್ತಾರೆ. ಹೊರಟು ನಿಂತಿರುವ ಎಲ್ಲ ವಿದ್ಯಾರ್ಥಿಗಳಿಗೂ ನಮ್ಮ ಹಾರ್ದಿಕ ಶುಭಾಶಯಗಳು.