ಮಹಾಪಧಮನಿಯ ಉರಿಯೂತಜನ್ಯ ಅನ್ಯೂರಿಸಂ ಮತ್ತು ಅದರ ಸ್ಕ್ಯಾನ್ ಪರೀಕ್ಷೆಗಳು

ಹೊಟ್ಟೆಯ ಭಾಗದಲ್ಲಿ ಮಹಾಪಧಮನಿಯು ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ. ಅದು 3 ಸೆಂ.ಮೀ. ಅಥವಾ ಹೆಚ್ಚು ಹಿಗ್ಗಿದಲ್ಲಿ ಅನ್ಯೂರಿಸಂ ಎಂದು ಪರಿಗಣಿಸಲಾಗುತ್ತದೆ. ಇಂತಹ ಪ್ರಕರಣಗಳ ಪೈಕಿ ಸುಮಾರು ಶೇ. 5ರಿಂದ 10ರಷ್ಟರಲ್ಲಿ ರಕ್ತನಾಳದ ಗೋಡೆ ದಪ್ಪಗಾಗಿ, ಸುತ್ತಲೂ ನಾರಿನಂತಹ ಅಂಗಾಂಶ ಬೆಳೆದು, ಕರುಳು ಹಾಗೂ ಮೂತ್ರನಾಳಗಳಿಗೆ ಅಂಟಿಕೊಳ್ಳುತ್ತದೆ. 1972ರಲ್ಲಿ ಈ ಬಗೆಗೆ 'ಉರಿಯೂತಜನ್ಯ' ಎಂಬ ಹೆಸರು ಬಂದಿತು. ಧೂಮಪಾನ ಮಾಡುವ ಪುರುಷರಲ್ಲಿ ಇದು ಹೆಚ್ಚು.

ಸಾಮಾನ್ಯ ಅನ್ಯೂರಿಸಂ ಬಹುಕಾಲ ಯಾವ ಸೂಚನೆಯನ್ನೂ ನೀಡುವುದಿಲ್ಲ. ಇದಾದರೋ ಹೊಟ್ಟೆ ಅಥವಾ ಬೆನ್ನುನೋವು, ತೂಕ ಇಳಿಕೆ, ರಕ್ತದ ಇ.ಎಸ್.ಆರ್. ಏರಿಕೆ ಇವುಗಳಿಂದ ಪ್ರಕಟವಾಗುವುದುಂಟು. ಮೂತ್ರನಾಳ ಒತ್ತಲ್ಪಟ್ಟಲ್ಲಿ ಮೂತ್ರಪಿಂಡ ಊದಿಕೊಳ್ಳುತ್ತದೆ. ಆದ್ದರಿಂದ ಮೂತ್ರಪಿಂಡದ ಕಲ್ಲಿನ ನೋವೆಂದು ತಪ್ಪಾಗಿ ಭಾವಿಸುವ ಸಂಭವವಿದೆ.

ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಇದರಲ್ಲಿ ವಿಕಿರಣವಿಲ್ಲ, ಅಗಲವನ್ನು ಅಳೆಯಬಹುದು. ಆದರೆ ಕರುಳಿನ ವಾಯು ಅಡ್ಡಬಂದಲ್ಲಿ ಚಿತ್ರ ಅಸ್ಪಷ್ಟವಾಗುತ್ತದೆ. ರೋಗನಿರ್ಣಯಕ್ಕೆ ಮುಖ್ಯ ಆಧಾರ ಕಾಂಟ್ರಾಸ್ಟ್ ಔಷಧಿ ನೀಡಿ ಮಾಡುವ ಸಿ.ಟಿ. ಸ್ಕ್ಯಾನ್. ಸುಣ್ಣಗಟ್ಟಿದ ಗೋಡೆಯ ಹೊರಗೆ, ಮುಂಭಾಗ ಹಾಗೂ ಪಕ್ಕಗಳಲ್ಲಿ, ಹೊದಿಕೆಯಂತಹ ಪದರ ಕಾಣುತ್ತದೆ. ಹಿಂಭಾಗ ಸಾಮಾನ್ಯವಾಗಿ ಮುಕ್ತವಾಗಿರುತ್ತದೆ. ಈ ಪದರವು ಔಷಧಿಯನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ತಡವಾಗಿ ತೆಗೆದ ಚಿತ್ರಗಳಲ್ಲಿ ಹೊಳೆಯುತ್ತದೆ. ಒಡೆದ ಅನ್ಯೂರಿಸಂನಿಂದ ಸೋರಿದ ರಕ್ತವು ಹೀಗೆ ಹೊಳೆಯುವುದಿಲ್ಲ. ಇವೆರಡನ್ನು ಪ್ರತ್ಯೇಕಿಸುವುದೇ ತಜ್ಞರ ಮುಂದಿರುವ ಮುಖ್ಯ ಪ್ರಶ್ನೆ. ಸೋರಿಕೆಗೆ ತುರ್ತು ಶಸ್ತ್ರಚಿಕಿತ್ಸೆ ಬೇಕು. ಗೋಡೆ ದಪ್ಪಗಿರುವುದರಿಂದ ಒಡೆಯುವುದೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಕೆಲವು ಪ್ರಕರಣಗಳಲ್ಲಿ ಎಂ.ಆರ್.ಐ. ಸೂಚಿಸಲಾಗುತ್ತದೆ.

ಸಿ.ಟಿ. ಪರೀಕ್ಷೆಗೆ ಬರುವವರು ಕ್ರಿಯೇಟಿನಿನ್ ವರದಿಯನ್ನು ತರತಕ್ಕದ್ದು. ಮೂತ್ರಪಿಂಡದ ಕಾಯಿಲೆ, ಹಿಂದೆ ಕಾಂಟ್ರಾಸ್ಟ್ ಔಷಧಿಯಿಂದಾದ ಅಲರ್ಜಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವನೆ ಇದ್ದಲ್ಲಿ ಮುಂಚಿತವಾಗಿ ತಿಳಿಸುವುದು. ಹಳೆಯ ಫಿಲ್ಮ್ ಅಥವಾ ಸಿ.ಡಿ.ಗಳನ್ನು ಬಿಸಾಡಬಾರದು: ಉಬ್ಬು ಎಷ್ಟು ಬೆಳೆದಿದೆ ಎಂಬುದು ಹೋಲಿಕೆಯಿಂದಲೇ ತಿಳಿಯುತ್ತದೆ.

ಪುರುಷರಲ್ಲಿ ಸಾಮಾನ್ಯವಾಗಿ 5.5 ಸೆಂ.ಮೀ. ತಲುಪಿದಾಗ ತೆರೆದ ಶಸ್ತ್ರಚಿಕಿತ್ಸೆ ಅಥವಾ ರಕ್ತನಾಳದೊಳಗೆ ಸ್ಟೆಂಟ್ ಕೊಳವೆ ಅಳವಡಿಕೆಯನ್ನು ಪರಿಗಣಿಸಲಾಗುತ್ತದೆ. ಅಂಗಾಂಶಗಳು ಅಂಟಿಕೊಂಡಿರುವುದರಿಂದ ತೆರೆದ ಶಸ್ತ್ರಚಿಕಿತ್ಸೆ ಇಲ್ಲಿ ಹೆಚ್ಚು ಕಠಿಣ. ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ನೀಡುವುದುಂಟು, ಸ್ವಇಚ್ಛೆಯಿಂದ ಸೇವಿಸಬಾರದು. ಧೂಮಪಾನ ತ್ಯಜಿಸುವುದು ಎಲ್ಲ ಹಂತದಲ್ಲೂ ಅವಶ್ಯ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವ ಅರ್ಹ ಕುಟುಂಬದವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಅನ್ಯೂರಿಸಂ ಇರುವವರಿಗೆ ಹಠಾತ್ತನೆ ತೀವ್ರ ಹೊಟ್ಟೆ ಅಥವಾ ಬೆನ್ನುನೋವು, ತಲೆಸುತ್ತು ಕಾಣಿಸಿದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.