ಸಂಡಾಸಕ್ಕ ರೊಕ್ಕ ಬಂತು, ನೀರು ಯಾರು ಹೊರಾವ್ರು?

ನನ್ನ ತವರು ರಾಮದುರ್ಗ ಕಡೆ, ಗಂಡನ ಮನಿ ಬೈಲಹೊಂಗಲ ಹತ್ರದ ಒಂದು ಹಳ್ಳಿ. ಎರಡೂ ಕಡೆ ಹೆಣ್ಮಕ್ಕಳ ದಿನಾ ಸುರು ಆಗೂದು ಒಂದ ರೀತಿ. ನಸುಕಿನ್ಯಾಗ ಎದ್ದು ತಂಬಿಗಿ ಹಿಡಕೊಂಡು ಬೈಲಕಡಿ ಹೋಗೂದು. ಬೆಳಕು ಹರೀತಂದ್ರ ಮುಗೀತು, ಕತ್ತಲಾಗೂತನಕ ತಡಕೊಂಡಿರಬೇಕು. ಬ್ಯಾಸಗಿ ಬಂತಂದ್ರ ಹೊಲದಾಗ ಪೀಕೂ ಇಲ್ಲ, ಮರೆಯೂ ಇಲ್ಲ. ಇದನ್ನ ನೀವೂ ಅನುಭವಿಸಿರ್ತೀರಿ ಅಕ್ಕಾರ, ಹೆಚ್ಚಿಗಿ ಹೇಳೂದು ಬ್ಯಾಡ.

ಮನಿಗೊಂದು ಸಂಡಾಸ ಆಗಲಿ ಅಂತ ಸರ್ಕಾರ ರೊಕ್ಕ ಕೊಡೂದು ಹೊಸಾದಲ್ಲ. ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಸುರು ಆಗಿದ್ದು 1986ರಾಗ. 1999ರಾಗ ಸಂಪೂರ್ಣ ಸ್ವಚ್ಛತಾ ಆಂದೋಲನ ಅಂದ್ರು, 2012ರಾಗ ನಿರ್ಮಲ ಭಾರತ ಅಂದ್ರು. 2014ರ ಅಕ್ಟೋಬರ್ 2ಕ್ಕ ಸ್ವಚ್ಛ ಭಾರತ ಬಂತು. ಆಗ ಹಳ್ಳಿ ಮನಿಗೆ 12,000 ರೂಪಾಯಿ, ನಮ್ಮ ರಾಜ್ಯದಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ 15,000 ಇತ್ತು. ಹೆಸರು ಬದಲಾದಂಗ ರೊಕ್ಕಾನೂ ಏರಿತು. ಆದ್ರ ನಾ ಮದುವಿಯಾಗಿ ಬಂದಾಗಿಂದ ನೋಡೇನಿ, ಮೊದಮೊದಲು ಕಟ್ಟಿಸಿದ ಎಷ್ಟೋ ಸಂಡಾಸದಾಗ ಕುಳ್ಳು, ಕಟಗಿ ಒಟ್ಟಿದ್ರು. ಒಂದರಾಗಂತೂ ಕೋಳಿ ಮರಿ ಮಾಡಿತ್ತು!

ನೋಡಾಕ ಬಂದ ಸಾಹೇಬರು “ಜನಕ್ಕ ತಿಳುವಳಿಕಿ ಇಲ್ಲ” ಅಂತಿದ್ರು. ತಿಳುವಳಿಕಿ ಇತ್ರಿ, ಇಲ್ಲದ್ದು ನೀರು. ಲೆಕ್ಕ ಹಾಕಿ ನೋಡ್ರಿ. ಸಪಾಟ ಸೀಟಿಗೆ ಒಂದು ಸಲಕ್ಕ ಹತ್ತು ಲೀಟರ್ ಸುರೀಬೇಕು. ಮನ್ಯಾಗ ಆರು ಮಂದಿ, ದಿನಕ್ಕ ಒಂದೊಂದು ಸಲ ಅಂದ್ರೂ 60 ಲೀಟರ್ ಆತು. ಹದಿನೈದು ಲೀಟರಿನ ಕೊಡ ಅಂದ್ರ ನಾಕು ಕೊಡ. ಬೋರಿಂಗಿನ ಮುಂದ ಪಾಳಿ ಹಚ್ಚಿ ಆ ನಾಕು ಕೊಡ ತಲಿ ಮ್ಯಾಲೆ ತರಾಕಿ ಯಾರು? ಸೊಸಿ. ಬೈಲಕಡಿ ಹೋದ್ರ ಒಂದು ತಂಬಿಗ್ಯಾಗ ಮುಗೀತಿತ್ತು.

ಇದಕ್ಕ ಉಪಾಯ ಇದ್ದಿದ್ದಿಲ್ಲ ಅಂತಲ್ಲ. ಬಿಹಾರದ ಬಿಂದೇಶ್ವರ ಪಾಠಕ್ ಅವರು 1970ರಾಗ ಸುಲಭ ಸಂಸ್ಥೆ ಹುಟ್ಟುಹಾಕಿ ಹಬ್ಬಿಸಿದ್ದು ಇಂಥಾದ್ದ. ಸೀಟಿನ ಇಳಿಜಾರು ಕಡಿದು ಇರತೈತಿ, ಕೆಳಗಿನ ಬಾಗಿದ ಕೊಳವ್ಯಾಗ ಎರಡು ಬೆರಳಷ್ಟೂ ನೀರು ನಿಂದರೂದಿಲ್ಲ. ಒಂದೂವರಿ, ಎರಡು ಲೀಟರ್ ಹಾಕಿದ್ರ ಎಲ್ಲಾ ಜಾರಿ ಹೋಗತೈತಿ. ಹೊರಗ ಎರಡು ತೆಗ್ಗು. ಒಂದು ತುಂಬಿದ್ರ ಅದನ್ನ ಮುಚ್ಚಿ ಇನ್ನೊಂದಕ್ಕ ಬಿಡೂದು, ವರ್ಷ ಎರಡು ವರ್ಷದಾಗ ಮುಚ್ಚಿದ್ದು ಗೊಬ್ಬರ ಆಗಿರತೈತಿ. ಮನಷ್ಯಾ ಮನಷ್ಯಾನ ಹೊಲಸು ಹೊರೂದು ತಪ್ಪಲಿ ಅನ್ನೂದ ಅವರ ಮೊದಲಿನ ಉದ್ದೇಶ. ನಮ್ಮ ರಾಜ್ಯದಾಗ ಮಲದ ಬುಟ್ಟಿ ತಲಿ ಮ್ಯಾಲೆ ಹೊರೂದನ್ನ ನಿಲ್ಲಿಸಿದಾವ್ರು ದೇವರಾಜ ಅರಸರ ಮಂತ್ರಿಮಂಡಲದಾಗ ಇದ್ದ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾಯ್ದೆ ಆಗಿದ್ದು 1993ರಾಗ. ಆದ್ರ ಹೊಲಸಿನ ಹೊರಿ ಇಳದ್ರೂ ನೀರಿನ ಹೊರಿ ನಮ್ಮ ತಲಿ ಮ್ಯಾಲೆ ಉಳೀತು.

ಸ್ವಚ್ಛ ಭಾರತದ ಬರವಣಿಗ್ಯಾಗ ಈ ಇಳಿಜಾರು ಸೀಟಿನ ಮಾತು ಐತಿ. ಅದು ಗೌಂಡಿ ಕೈಗೆ ಬಂದು ಮುಟ್ಟಬೇಕಲ್ಲ! ನಮ್ಮನಿಗೆ ಬಂದಾಂವ ಅಂಗಡ್ಯಾಗಿಂದ ಬೆಳ್ಳಗ ಹೊಳಿಯೂ ಸಪಾಟ ಸೀಟು ತಂದು ಕುಂದರಿಸಿದ. ಫೋಟೋ ತಗದ್ರು, ರೊಕ್ಕ ಜಮಾ ಆತು. ಎರಡು ದಿನ ಬಕೀಟು ಎತ್ತಿ ಎತ್ತಿ ಸುರದ ಅತ್ತಿಯವರು ಮೂರನೇ ದಿನ ತಂಬಿಗಿ ತಗೊಂಡು ಹೊಂಟ್ರು. “ಇದಕ್ಕ ನೀರು ಹೊರಾಕ ಬ್ಯಾರೆ ಸೊಸಿ ಬೇಕವಾ” ಅಂದ್ರು. ನನಗ ನಗುವೂ ಬಂತು, ಅಳುವೂ ಬಂತು. ಅವರಿಗೆ ಮೊಣಕಾಲು ನೋವು, ಕತ್ತಲದಾಗ ಬಿದ್ರ?

ಇನ್ನೊಂದು ತ್ರಾಸು ನಮ್ಮ ಎರಿ ಮಣ್ಣಿಂದು. ಎರಿ ನೆಲ ನೀರನ್ನ ಲಗೂನ ಒಳಗ ಬಿಡೂದಿಲ್ಲ. ಬಕೀಟುಗಟ್ಟಲೆ ಸುರದ್ರ ಮಳಿಗಾಲದಾಗ ತೆಗ್ಗು ತುಂಬಿ ಮ್ಯಾಲೆ ಬರತೈತಿ. ಬೈಲಹೊಂಗಲ, ಸವದತ್ತಿ ಎರಿ ಭಾಗದಾಗ ಕಡಿಮಿ ನೀರಿನ ಸೀಟು ನೀರಿಗಷ್ಟ ಅಲ್ಲ, ತೆಗ್ಗಿಗೂ ಬೇಕು. ಕಡೀಕ ನಾ ಹಾಲಿನ ರೊಕ್ಕದಾಗ ಸಪಾಟ ಸೀಟು ಒಡಸಿ ಇಳಿಜಾರಿಂದು ಹಾಕಿಸಿದೆ. ಆರು ಮಂದಿಗೆ ಈಗ ಒಂದ ಕೊಡ ಸಾಕು. ಅತ್ತಿಯವರು ಕಡೀತನಕ ಹೊರಗ ಹೋಗಲಿಲ್ಲ.

ಈಗ ನಮ್ಮ ಹುಡುಗ ಹುಬ್ಬಳ್ಳ್ಯಾಗ ಬಾಡಿಗಿ ಮನ್ಯಾಗ ಇದ್ದಾನ. ಅಲ್ಲಿ ಹಳೇ ಟಾಕಿ, ಒಮ್ಮೆ ಒತ್ತಿದ್ರ ಹತ್ತು ಲೀಟರ್ ಭರ್ರ್ ಅಂತ ಹೋಗತೈತಿ. ಹುಬ್ಬಳ್ಳಿ-ಧಾರವಾಡಕ್ಕ ನೀರು ಬರೂದು ನಮ್ಮ ಸವದತ್ತಿಯ ನವಿಲುತೀರ್ಥದ ರೇಣುಕಾಸಾಗರದಿಂದ. ಮಲಪ್ರಭೆ ನೀರು ಅಷ್ಟು ದೂರ ಹೋಗಿ ಹಿಂಗ ಹೋಗೂದು ನೋಡಿದ್ರ ಕೊಡ ಹೊತ್ತ ತಲಿ ಚುರ್ ಅಂತೈತಿ. ಸೊಸಿ “ಅತ್ತಿ, ನೀವು ಬಂದ್ರ ಫ್ಲಶ್ಶಿಗೂ ಲೆಕ್ಕ” ಅಂತ ನಗ್ತಾಳ.

ಅಮೆರಿಕದ ನ್ಯೂಯಾರ್ಕಿನಾಗ 1994ರಿಂದ 1997ರತನಕ ನಗರದವರ ರೊಕ್ಕ ಕೊಟ್ಟು ಹಳೇ ಫ್ಲಶ್ ತಗಸಿದ್ರು. ಮೊದಲನೇದ್ದಕ್ಕ 240 ಡಾಲರತನಕ. ಹಳೇವು ಒಂದು ಸಲಕ್ಕ 19 ಲೀಟರ್ ಕುಡೀತಿದ್ವು, ಹೊಸಾವು 6. ಹಿಂಗ 13 ಲಕ್ಷ ಬದಲಾದ್ವು. ಅಲ್ಲಿ ರೊಕ್ಕ ಕೊಟ್ಟಿದ್ದು ನೀರು ಉಳಿಸೂದಕ್ಕ, ನಮ್ಮಲ್ಲಿ ಕಟ್ಟೂದಕ್ಕ. ಕಟ್ಟೂದು ತಪ್ಪಂತಲ್ಲ, ಅದು ಇಲ್ಲದಿದ್ರ ನಾವಿನ್ನೂ ಬೈಲಾಗ ಇರತಿದ್ವಿ. ಆದ್ರ 12,000 ಕೊಡುಮುಂದ ಸೀಟು ಎಂಥಾದ್ದು ಅಂತ ಒಂದು ಮಾತು ಕೇಳಿದ್ರ, ನನ್ನ ಹಾಲಿನ ರೊಕ್ಕ ಉಳೀತಿತ್ತು.

ಹುಡುಗನ ಮನಿ ಟಾಕ್ಯಾಗ ಸದ್ಯಕ್ಕ ಉಸುಕು ತುಂಬಿದ ಒಂದು ಲೀಟರಿನ ಬಾಟ್ಲಿ ಇಟ್ಟು ಬಂದೇನಿ.